ಆಟಿಕೆಗೆ ಮಿಠಾಯಿ ಅಂಟಿಸಬೇಡಿ: ಮಕ್ಕಳ ಗಿಫ್ಟ್ ಪ್ಯಾಕ್ ತಯಾರಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಹಬ್ಬಕ್ಕೆ, ರಜೆಗೆ ಅಂತ ಮಕ್ಕಳ ಗಿಫ್ಟ್ ಪ್ಯಾಕ್ ತಯಾರಿಸುವ ಕಂಪನಿಯವರಿಗೆ ಮತ್ತು ಅದನ್ನು ಮಾರುವ ಅಂಗಡಿಯವರಿಗೆ

ಮಾನ್ಯರೇ,

ನಾನು ಮಕ್ಕಳ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ ಸಹಾಯಕಿ. ಕುರ್ಚಿ ಪಕ್ಕ ನಿಂತು ಜೊಲ್ಲು ಎಳೆಯುವ ಪೈಪ್ ಹಿಡಿಯುವುದು, ಸಲಕರಣೆ ಕೈಗೆ ಕೊಡುವುದು, ಅಳುವ ಮಗುವನ್ನು ಸಮಾಧಾನ ಮಾಡುವುದು, ಕೊನೆಗೆ ಮನೆಯವರಿಗೆ ಬ್ರಷ್ ಮಾಡಿಸುವ ರೀತಿ ತೋರಿಸಿಕೊಡುವುದು ನನ್ನ ಕೆಲಸ. ಮನೆಯವರ ಜೊತೆ ಡಾಕ್ಟರಿಗಿಂತ ಜಾಸ್ತಿ ಹೊತ್ತು ಮಾತಾಡುವವಳು ನಾನೇ. ಹಾಗಾಗಿ ಹಾಳಾದ ಹಲ್ಲು ಕಣ್ಣಿಗೆ ಕಾಣುವುದರ ಜೊತೆಗೆ, ಅದು ಹೇಗೆ ಹಾಳಾಯಿತು ಅನ್ನುವ ಕಥೆಯೂ ಕಿವಿಗೆ ಬೀಳುತ್ತದೆ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಅಮ್ಮಂದಿರಿಗೆ ಹೇಳಬೇಕಾದದ್ದನ್ನು ನಾವು ದಿನಾ ಹೇಳುತ್ತೇವೆ. ಪಾಪ, ಅವರು ಕೇಳುತ್ತಾರೆ ಕೂಡ. ಮನೆಯಲ್ಲಿ ಸಿಹಿ ಕಮ್ಮಿ ಮಾಡುತ್ತಾರೆ, ರಾತ್ರಿ ಹಠ ಹಿಡಿದು ಬ್ರಷ್ ಮಾಡಿಸುತ್ತಾರೆ. ಆದರೆ ಹಬ್ಬ ಬಂತು, ರಜೆ ಬಂತು ಅಂದರೆ ಅತ್ತೆ, ಮಾವ, ಅಜ್ಜಿ, ಪಕ್ಕದ ಮನೆಯವರು, ಅಪ್ಪನ ಆಫೀಸಿನವರು ಎಲ್ಲರೂ ಒಂದೊಂದು ಬಣ್ಣದ ಪೆಟ್ಟಿಗೆ ಹಿಡಿದು ಬರುತ್ತಾರೆ. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ತಂದವರಿಗೂ ಒಳಗೆ ಏನಿದೆ ಅಂತ ಸರಿಯಾಗಿ ಗೊತ್ತಿರುವುದಿಲ್ಲ. ಗೊತ್ತಿರುವುದು ನಿಮಗೆ ಮಾತ್ರ.

ಕಳೆದ ರಜೆಯಲ್ಲಿ ಒಬ್ಬರು ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿಗೆ ಹಲ್ಲು ನೋವು. ಅಂಥ ನೋವಲ್ಲೂ ಕಂಕುಳಲ್ಲಿ ಇಟ್ಟುಕೊಂಡಿದ್ದ ಪೆಟ್ಟಿಗೆ ಮಾತ್ರ ಬಿಡಲಿಲ್ಲ. ಡಾಕ್ಟರು ಒಳಗೆ ಬೇರೆ ಮಗುವನ್ನು ನೋಡುತ್ತಿದ್ದರು. "ಏನಿದೆ ಪುಟ್ಟಿ, ತೋರಿಸು" ಅಂದೆ. ಬೆಂಚಿನ ಮೇಲೆ ಒಂದೊಂದಾಗಿ ಜೋಡಿಸಿದಳು. ಬಟ್ಟೆಯ ಕರಡಿ ಒಂದು, ಅದರ ಕೈಗೆ ಲಾಲಿಪಾಪ್ ಹೊಲಿದಿತ್ತು. ಬೆರಳಿಗೆ ಹಾಕಿಕೊಳ್ಳುವ ಉಂಗುರ, ಹರಳಿನ ಜಾಗದಲ್ಲಿ ನೆಲ್ಲಿಕಾಯಿ ಗಾತ್ರದ ಸಕ್ಕರೆ ಗಟ್ಟಿ. ನಾಲಿಗೆ ಮೇಲೆ ಹೊಡೆದುಕೊಳ್ಳುವ ಹುಳಿ ಸ್ಪ್ರೇ. ಅಂಗೈ ಅಗಲದ ಬಣ್ಣ ಹಚ್ಚುವ ಹಾಳೆ, ಜೊತೆಗೆ ಎರಡೇ ಎರಡು ಕ್ರೇಯಾನ್. ಮತ್ತೆ ಒಂದು ಕೆಂಪು ಕಾರು. ಅದರ ಹೊಟ್ಟೆ ತುಂಬ ಸಕ್ಕರೆ ಗುಂಡು. ಹಿಂದಿನ ಚಕ್ರ ತಿರುಗಿಸಿದರೆ ಒಂದು ಗುಂಡು ಕೆಳಗೆ ಬೀಳುತ್ತದೆ. ಕಾರು ಓಡಿಸಿದಷ್ಟೂ ಬಾಯಿಗೆ ಸಕ್ಕರೆ ಬೀಳುತ್ತಾ ಇರುತ್ತದೆ ಅನ್ನಿ.

ಅಜ್ಜನಿಗೆ ಕಾರು ಉಳಿಸಿಕೊಂಡು ಗುಂಡು ತೆಗೆದುಬಿಡುವ ಆಸೆ. ನಾನೂ ತಿರುಗಿಸಿ ಮುರುಗಿಸಿ ನೋಡಿದೆ. ಬ್ಯಾಟರಿ ಹಾಕುವ ಬಾಗಿಲಿಗೆ ಚಿಕ್ಕ ಸ್ಕ್ರೂ ಇತ್ತು. ಮಗು ಬ್ಯಾಟರಿ ನುಂಗಬಾರದು ಅನ್ನುವ ಕಾಳಜಿಗೆ ನಿಮಗೆ ನಿಜವಾಗಿಯೂ ಧನ್ಯವಾದ. ಆದರೆ ಮಿಠಾಯಿ ತುಂಬಿದ ಭಾಗಕ್ಕೆ ಸ್ಕ್ರೂ ಇಲ್ಲ, ಕೊಂಡಿ ಇಲ್ಲ, ಅಂಟು ಹಾಕಿ ಮುಚ್ಚಿಬಿಟ್ಟಿದ್ದೀರಿ. ಗುಂಡು ಹೊರಗೆ ಬರಲು ಇರುವುದು ಒಂದೇ ದಾರಿ, ಮಗುವಿನ ಅಂಗೈ. ಕೊನೆಗೆ ಅಜ್ಜ, "ಪೆಟ್ಟಿಗೆ ಮೇಲೆ ಕಾರಿನ ಚಿತ್ರ ಇತ್ತಮ್ಮ, ಅದಕ್ಕೇ ತಗೊಂಡೆ" ಅಂದರು. ಅವರ ಮುಖ ನೋಡಲು ಬೇಜಾರಾಯಿತು.

ಅವಳ ಹಲ್ಲು ಆ ಪೆಟ್ಟಿಗೆಯಿಂದ ಹಾಳಾಯಿತು ಅಂತ ನಾನು ಹೇಳುತ್ತಿಲ್ಲ. ಹುಳುಕು ಎರಡು ವಾರದಲ್ಲಿ ಆಗುವಂಥದ್ದಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು. ರಜೆಯಲ್ಲಿ ಆಗುವುದು ಬೇರೆ. ಮೊದಲೇ ಬಲ ಕಳೆದುಕೊಂಡಿದ್ದ ಜಾಗ ಕುಸಿಯುತ್ತದೆ, ಅಂಟು ಟಾಫಿ ಜಗಿದು ಫಿಲ್ಲಿಂಗ್ ಕಿತ್ತು ಬರುತ್ತದೆ, ತೂತಿನಲ್ಲಿ ಮಿಠಾಯಿ ಸಿಕ್ಕಿಕೊಂಡು ರಾತ್ರಿ ಇಡೀ ನೋವು. ದವಡೆ ಹಲ್ಲಿನ ಗೀರುಗಳಲ್ಲಿ ಕೂತ ಜೆಲ್ಲಿಯನ್ನು ನಾವು ಮೊನಚು ಸಲಕರಣೆಯಿಂದ ಕೆರೆದು ತೆಗೆಯುತ್ತೇವೆ. ಹಿಂದಿನ ದಿನ ತಿಂದದ್ದು ಹಾಗೇ ಬಣ್ಣ ಸಮೇತ ಹೊರಗೆ ಬರುವುದುಂಟು.

ನಮ್ಮ ಮನೆಗಳಲ್ಲಿ "ಜಾಸ್ತಿ ಸಿಹಿ ತಿಂದರೆ ಹಲ್ಲು ಹುಳುಕಾಗುತ್ತೆ" ಅಂತ ಹೇಳುತ್ತೇವೆ. ಮಾತು ಸುಳ್ಳಲ್ಲ, ಆದರೆ ಅರ್ಧ. ನಿಮ್ಮ ಪ್ಯಾಕಿನ ಮೇಲೆ ನನಗಿರುವ ದೂರೆಲ್ಲ ಉಳಿದ ಅರ್ಧದಲ್ಲಿದೆ. ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಒಂದು ಅಂಟು ಪದರ ಇರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಅವು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲ ಎಷ್ಟಿದೆ ಅಂತ ಅಳೆಯುವ ಅಂಕಿಗೆ ಪಿ.ಎಚ್. ಅನ್ನುತ್ತಾರೆ, ಅದು ಇಳಿದಷ್ಟೂ ಆಮ್ಲ ಜಾಸ್ತಿ. ಬಾಯಿಯ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಹೊರಗಿನ ಹೊದಿಕೆಯಾದ ಎನಾಮಲ್ಲಿನ ಖನಿಜ ಕರಗಲು ಶುರುವಾಗುತ್ತದೆ. ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು. ಆದರೂ ಅದನ್ನು ಆಮ್ಲ ಕರಗಿಸುತ್ತದೆ, ಒಮ್ಮೆ ತೂತು ಬಿದ್ದರೆ ಮತ್ತೆ ಬೆಳೆಯುವುದಿಲ್ಲ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅನ್ನುವ ಹಲ್ಲಿನ ಸಂಶೋಧಕರು ಗ್ಲೂಕೋಸ್ ನೀರಿನಿಂದ ಬಾಯಿ ಮುಕ್ಕಳಿಸಿದ ಮೇಲೆ ಹಲ್ಲಿನ ಮೇಲಿನ ಪದರದಲ್ಲಿ ಏನಾಗುತ್ತದೆ ಅಂತ ಅಳೆದು ತೋರಿಸಿದರು. ಕೆಲವೇ ನಿಮಿಷದಲ್ಲಿ ಆಮ್ಲ ಏರುತ್ತದೆ. ಆಮೇಲೆ ಜೊಲ್ಲು ಅದನ್ನು ತೊಳೆದು, ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಈಗ ಲೆಕ್ಕ ನೀವೇ ಹಾಕಿ. ಊಟದ ಜೊತೆ ಒಂದು ಚಾಕೊಲೇಟ್ ತಿಂದು ಮುಗಿಸಿದ ಮಗುವಿನ ಹಲ್ಲಿಗೆ ಒಂದು ಸಲ ಆಮ್ಲದ ಏಟು. ಅಷ್ಟೇ ಸಕ್ಕರೆಯನ್ನು ಕಾರಿನಿಂದ ಒಂದೊಂದೇ ಗುಂಡಾಗಿ ಬೆಳಗ್ಗೆಯಿಂದ ಸಂಜೆವರೆಗೆ ತಿಂದ ಮಗುವಿಗೆ ಇಡೀ ದಿನ ಏಟು. ಜೊಲ್ಲು ತೊಳೆದು ಮುಗಿಸುವಷ್ಟರಲ್ಲಿ ಮತ್ತೊಂದು ಗುಂಡು ಬಿದ್ದಿರುತ್ತದೆ. ಸಕ್ಕರೆ ಅಷ್ಟೇ, ಹಲ್ಲಿಗೆ ಆಗುವ ಪೆಟ್ಟು ಎಷ್ಟೋ ಪಟ್ಟು ಜಾಸ್ತಿ. ನಿಮ್ಮ ಉಂಗುರ, ಲಾಲಿಪಾಪ್, ಸ್ಪ್ರೇ, ಕಾರು ಇವೆಲ್ಲದರ ಜಾಣತನ ಇರುವುದೇ ಮಿಠಾಯಿ ಬೇಗ ಮುಗಿಯದ ಹಾಗೆ ಮಾಡುವುದರಲ್ಲಿ. "ಗಂಟೆಗಟ್ಟಲೆ ಮಜಾ" ಅಂತ ಪೆಟ್ಟಿಗೆ ಮೇಲೆ ನೀವೇ ಬರೆದಿದ್ದೀರಿ. ನಮಗೆ ಭಯ ಆ ಗಂಟೆಗಳದ್ದೇ.

ಇದು ನನ್ನ ಊಹೆ ಅಂದುಕೊಳ್ಳಬೇಡಿ. ಸ್ವೀಡನ್ ದೇಶದ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರ್ಷ ಒಂದು ಪ್ರಯೋಗ ನಡೆಯಿತು. ಅಲ್ಲಿದ್ದವರು ಬುದ್ಧಿಮಾಂದ್ಯ ರೋಗಿಗಳು, ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇರಲಿಲ್ಲ. ಅಂಥವರ ಹಲ್ಲಿನ ಮೇಲೆ ಪ್ರಯೋಗ ಮಾಡಿದ್ದು ಘೋರ ತಪ್ಪು, ಇವತ್ತು ಯಾರೂ ಅದನ್ನು ಸಮರ್ಥಿಸುವುದಿಲ್ಲ. ಹೊರಬಂದ ಫಲಿತಾಂಶ ಮಾತ್ರ ಸ್ಪಷ್ಟವಾಗಿತ್ತು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಅಂಟು ಟಾಫಿ ತಿಂದವರ ಹಲ್ಲು ಬೇಗ ಬೇಗ ಹಾಳಾದವು. 1954ರಲ್ಲಿ ಇದರ ವರದಿ ಬಂತು. ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಅನ್ನುವ ರೂಢಿ ಬೆಳೆದದ್ದು ಇದರ ನಂತರ. ಆ ರೋಗಿಗಳು ತಮ್ಮ ಹಲ್ಲು ಕೊಟ್ಟು ಕಲಿಸಿದ ಪಾಠ ಗೊತ್ತಾಗಿ ಇಷ್ಟು ವರ್ಷ ಆದ ಮೇಲೂ ನೀವು ಅಂಟು ಟಾಫಿಯನ್ನು ಆಟಿಕೆಯ ಹೊಟ್ಟೆಯಲ್ಲಿ ತುಂಬಿ ಮಾರುತ್ತೀರಿ ಅಂದರೆ ಸಿಟ್ಟು ಬರುತ್ತದೆ, ಅಲ್ವಾ?

"ಹೇಗಿದ್ದರೂ ಹಾಲು ಹಲ್ಲು ತಾನೇ, ಬಿದ್ದುಹೋಗುತ್ತವೆ" ಅನ್ನುವ ಮಾತನ್ನು ನಿಮ್ಮ ಕಡೆಯವರೊಬ್ಬರು ನನ್ನೆದುರೇ ಹೇಳಿದ್ದಾರೆ. ಹೆಸರು ಬೇಡ ಬಿಡಿ. ಹಾಲು ಹಲ್ಲು 20. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ. ಆದರೆ ಹಿಂದಿನ ದವಡೆ ಹಲ್ಲು ಹತ್ತು, ಹನ್ನೆರಡು ವರ್ಷದವರೆಗೂ ಬಾಯಲ್ಲೇ ಇರಬೇಕು. ಅಗಿಯಲು ಅವೇ ಬೇಕು, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುವುದೂ ಅವೇ. ಅವುಗಳ ಎನಾಮಲ್ ದೊಡ್ಡವರ ಹಲ್ಲಿಗಿಂತ ತೆಳು. ಹಾಗಾಗಿ ತೂತು ಬಿದ್ದರೆ ನರ ಮುಟ್ಟಲು ಜಾಸ್ತಿ ದಿನ ಬೇಡ. ಇನ್ನೊಂದು ವಿಷಯ ಬಹಳ ಅಪ್ಪ ಅಮ್ಮಂದಿರಿಗೇ ಗೊತ್ತಿಲ್ಲ. ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಮೊದಲನೇ ಶಾಶ್ವತ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹೀಗಾಗಿ ಅದೂ ಹಾಲು ಹಲ್ಲೇ ಅಂದುಕೊಳ್ಳುತ್ತಾರೆ. ಅದರ ಮೇಲೆ ಆಳವಾದ ಗೀರುಗಳಿರುತ್ತವೆ, ಬ್ರಷ್ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಇಡೀ ಜನ್ಮಕ್ಕೆ ಬೇಕಾದ ಆ ಹಲ್ಲು ಮೊಳೆಯುವ ವಯಸ್ಸಿನ ಮಕ್ಕಳೇ ನಿಮ್ಮ ಪ್ಯಾಕುಗಳ ದೊಡ್ಡ ಗಿರಾಕಿಗಳು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಹಾಲು ಹಲ್ಲು ಹುಳುಕಾಗಿರುವ ಮಕ್ಕಳು ಸುಮಾರು 51 ಕೋಟಿ 40 ಲಕ್ಷ. ಬಿದ್ದುಹೋಗುವ ಹಲ್ಲು ಅಂತ ಸುಮ್ನೆ ಬಿಡುವ ಸಂಖ್ಯೆ ಇದಲ್ಲ.

ಇನ್ನು ಹುಳಿ ಮಿಠಾಯಿ ವಿಷಯ. ಇದರ ಬಗ್ಗೆ ನನಗೆ ಸಕ್ಕರೆಗಿಂತ ಜಾಸ್ತಿ ತಕರಾರಿದೆ. ಯಾಕೆಂದರೆ ಇಲ್ಲಿ ಒಳ್ಳೆಯ ಮನಸ್ಸಿನವರೇ ಮೋಸ ಹೋಗುತ್ತಾರೆ. ಪೆಟ್ಟಿಗೆ ಮುಂದೆ ದೊಡ್ಡ ಅಕ್ಷರದಲ್ಲಿ "ಸಕ್ಕರೆ ಇಲ್ಲ" ಅಂತ ಇರುತ್ತದೆ. ಹಲ್ಲಿನ ಬಗ್ಗೆ ಯೋಚನೆ ಮಾಡುವ ಅತ್ತೆ ಇದನ್ನೇ ಹುಡುಕಿ ತರುತ್ತಾರೆ. ಹಿಂಬದಿಯಲ್ಲಿ, ಭೂತಕನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಸಿಟ್ರಿಕ್ ಆಮ್ಲ, ಮಾಲಿಕ್ ಆಮ್ಲ ಅಂತ ಇರುತ್ತದೆ. ಸಕ್ಕರೆಯಾದರೆ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುವ ತನಕ ಸ್ವಲ್ಪ ಸಮಯವಾದರೂ ಇರುತ್ತದೆ. ಇಲ್ಲಿ ಆಮ್ಲವನ್ನು ನೀವೇ ತಯಾರು ಮಾಡಿ ನೇರವಾಗಿ ಹಲ್ಲಿನ ಮೇಲೆ ಇಡುತ್ತಿದ್ದೀರಿ. ಎನಾಮಲ್ ಮೇಲ್ಪದರ ಮೆತ್ತಗಾಗುತ್ತದೆ. ಗಾಬರಿಯಾದ ತಾಯಿ ತಕ್ಷಣ ಬ್ರಷ್ ಮಾಡಿಸಿದರೆ ಆ ಮೆತ್ತನೆಯ ಪದರವೇ ಉಜ್ಜಿಹೋಗುವ ಅಪಾಯ. ಅದಕ್ಕೇ ಹುಳಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಬ್ರಷ್‌ಗೆ ಅರ್ಧ ಗಂಟೆಯಾದರೂ ಬಿಡಿ ಅಂತ ನಾವು ಹೇಳುವುದು. ಈ ಮಾತು ನಿಮ್ಮ ಪೆಟ್ಟಿಗೆ ಮೇಲೆ ಎಲ್ಲೂ ಕಾಣಲಿಲ್ಲ.

"ನಿಜವಾದ ಹಣ್ಣಿನಿಂದ ಮಾಡಿದ್ದು" ಅನ್ನುವ ಅಂಟು ಪಟ್ಟಿಗಳದ್ದೂ ಇದೇ ಹಾಡು. ಹಣ್ಣಿನ ರಸವನ್ನು ಗಟ್ಟಿ ಮಾಡಿದಾಗ ಉಳಿಯುವುದು ಸಕ್ಕರೆ ಮತ್ತು ಹುಳಿ. ಹಲ್ಲಿಗೆ ಅಂಟುವುದರಲ್ಲಿ ಅದು ಟಾಫಿಗೆ ಏನೂ ಕಮ್ಮಿ ಇಲ್ಲ.

ನಾವು ಸಿಹಿಯನ್ನೇ ಬಿಟ್ಟುಬಿಡಬೇಕಾ ಅಂತ ನೀವು ಕೇಳಬಹುದು. ನಮ್ಮ ಡಾಕ್ಟರೂ ಹಾಗೆ ಹೇಳುವುದಿಲ್ಲ. ಹಬ್ಬದ ದಿನ ಮಗು ಸಿಹಿ ತಿನ್ನಲಿ. ಊಟದ ಜೊತೆ ತಿನ್ನಲಿ, ತಿಂದು ಮುಗಿಸಲಿ, ನೀರು ಕುಡಿಯಲಿ, ರಾತ್ರಿ ಮಲಗುವ ಮೊದಲು ಬ್ರಷ್ ಮಾಡಲಿ. ನಿದ್ದೆಯಲ್ಲಿ ಜೊಲ್ಲು ಕಮ್ಮಿಯಾಗುವುದರಿಂದ ಬ್ರಷ್ ಮಾಡಿದ ಮೇಲೆ ತಿಂದ ಸಿಹಿಯೇ ಎಲ್ಲಕ್ಕಿಂತ ಕೆಟ್ಟದ್ದು. ಒಂದು ಸಾದಾ ಚಾಕೊಲೇಟ್ ಬಾಯಲ್ಲಿ ಬೇಗ ಕರಗಿ ಹೋಗುತ್ತದೆ. ಅದು ಹಲ್ಲಿಗೆ ಒಳ್ಳೆಯದು ಅನ್ನುತ್ತಿಲ್ಲ. ಆದರೆ ಟಾಫಿ, ಜೆಲ್ಲಿ, ಗಂಟೆಗಟ್ಟಲೆ ಚೀಪುವ ಗಟ್ಟಿ ಮಿಠಾಯಿಗಿಂತ ವಾಸಿ. ಒಂದು ಚಾಕೊಲೇಟನ್ನು ಬೇರೆ ಕವರಿನಲ್ಲಿ ಹಾಕಿ ಆಟಿಕೆಯ ಪಕ್ಕ ಇಟ್ಟರೆ ತಾಯಿಯ ಕೈಯಲ್ಲಿ ಒಂದು ಆಯ್ಕೆ ಉಳಿಯುತ್ತದೆ. ಯಾವಾಗ ಕೊಡಬೇಕು ಅಂತ ಅವಳು ತೀರ್ಮಾನ ಮಾಡುತ್ತಾಳೆ. ಅಂಟಿಸಿದ, ಹೊಲಿದ, ತುಂಬಿದ ಮಿಠಾಯಿ ಅವಳ ಆಯ್ಕೆಯನ್ನೇ ಕಿತ್ತುಕೊಳ್ಳುತ್ತದೆ. ಆಟಿಕೆ ಬೇಕು ಅಂದರೆ ಮಿಠಾಯಿಯೂ ಬಂತು, ಮಿಠಾಯಿ ಬೇಡ ಅಂದರೆ ಮಗುವಿನ ಆಟಿಕೆಯನ್ನೂ ಕಸಿದ ಹಾಗಾಯಿತು. ಹಬ್ಬದ ದಿನ ಆ ಜಗಳ ಯಾರಿಗೆ ಬೇಕು?

ಮಿಠಾಯಿ ಇಲ್ಲದ ಪ್ಯಾಕ್ ಯಾರೂ ಕೊಳ್ಳುವುದಿಲ್ಲ ಅನ್ನುವುದು ನಿಮ್ಮ ಇನ್ನೊಂದು ಮಾತು. ನಮ್ಮ ಆಸ್ಪತ್ರೆಯಲ್ಲಿ ಧೈರ್ಯವಾಗಿ ಕೂತ ಮಕ್ಕಳಿಗೆ ಕೊಡಲು ಒಂದು ಡಬ್ಬಿ ಇದೆ. ಅದರಲ್ಲಿ ಸಿಹಿ ಏನೂ ಇಲ್ಲ. ಸ್ಟಿಕ್ಕರ್, ಪುಟ್ಟ ಭೂತಕನ್ನಡಿ, ಬುಗುರಿ, ಪುಟಿಯುವ ಚೆಂಡು, ಕೈಗೆ ಹಾಕುವ ಬೊಂಬೆ, ಎರಡು ನಿಮಿಷದ ಮರಳು ಗಡಿಯಾರ. ಮಕ್ಕಳು ಆ ಡಬ್ಬಿ ಮುಂದೆ ನಿಂತು ಆರಿಸುವುದನ್ನು ಒಮ್ಮೆ ನೋಡಬೇಕು. ಒಂದನ್ನು ತೆಗೆದು, ವಾಪಸ್ ಇಟ್ಟು, ಮತ್ತೆ ಮೊದಲಿನದ್ದನ್ನೇ ತೆಗೆದು, ಹಿಂದೆ ಇನ್ನೊಂದು ಮಗು ಕಾಯುತ್ತಿದೆ ಅನ್ನುವುದನ್ನೂ ಮರೆತಿರುತ್ತಾರೆ. ಮರಳು ಗಡಿಯಾರ ಯಾವಾಗಲೂ ಮೊದಲು ಖಾಲಿಯಾಗುತ್ತದೆ. ಅದನ್ನು ತಿರುಗಿಸಿಟ್ಟು ಮರಳು ಬೀಳುವ ತನಕ ಬ್ರಷ್ ಮಾಡಬೇಕು ಅಂದರೆ ಆಟ ಅಂದುಕೊಂಡು ಮಾಡುತ್ತಾರೆ.

ಹಲ್ಲಿಗೆ ಒಳ್ಳೆಯ ಉಡುಗೊರೆ ಅಂದರೆ ಬರೀ ಬ್ರಷ್ಷು, ಪೇಸ್ಟು ಅಂತ ನಾನು ಹೇಳುತ್ತಿಲ್ಲ. ಹಬ್ಬಕ್ಕೆ ಬರೀ ಬ್ರಷ್ ಕೊಟ್ಟರೆ ಯಾವ ಮಗು ತಾನೇ ಕುಣಿಯುತ್ತದೆ? ಪುಸ್ತಕ, ಜೇಡಿಮಣ್ಣು, ಸ್ಕಿಪ್ಪಿಂಗ್ ಹಗ್ಗ, ಚಿತ್ರ ಜೋಡಿಸುವ ಆಟ, ಬೀಜ ಮತ್ತು ಪುಟ್ಟ ಕುಂಡ, ಸೈಕಲ್ ಹೊಡೆಯುವ ಮಗುವಿಗೆ ಹೆಲ್ಮೆಟ್, ಚೆಂಡಾಟ ಆಡುವ ಮಗುವಿಗೆ ಹಲ್ಲಿಗೆ ಹಾಕುವ ರಕ್ಷೆ. ಈ ಕೊನೆಯ ಎರಡನ್ನು ಹೇಳಿದ್ದಕ್ಕೆ ಕಾರಣ ಇದೆ. ಬಿದ್ದು ಮುಂದಿನ ಹಲ್ಲು ಮುರಿದುಕೊಂಡು ಬರುವ ಮಕ್ಕಳನ್ನೂ ರಜೆಯಲ್ಲೇ ಜಾಸ್ತಿ ನೋಡುತ್ತೇವೆ. ಬಾಯಿಗೆ ಹೋಗದ ಉಡುಗೊರೆ ಯಾವುದಾದರೂ ನಮಗೆ ಸಂತೋಷವೇ.

ಆದರೂ ಬ್ರಷ್ ಹಾಕುತ್ತೀರಿ ಅಂದರೆ ಸರಿಯಾದದ್ದು ಹಾಕಿ. ಕಾರ್ಟೂನ್ ಗೊಂಬೆಯ ಹಿಡಿಯ ಚಂದಕ್ಕೆ ಮರುಳಾಗಿ ಕೊಂಡ ಎಷ್ಟೋ ಬ್ರಷ್‌ಗಳನ್ನು ನೋಡಿದ್ದೇನೆ. ತಲೆ ದೊಡ್ಡದು, ಎಳೆ ಗಟ್ಟಿ, ಮಗುವಿನ ಹಿಂದಿನ ಹಲ್ಲಿಗೆ ತಲುಪುವುದೇ ಇಲ್ಲ. ತಲೆ ಚಿಕ್ಕದಿರಲಿ, ಎಳೆ ಮೆತ್ತಗಿರಲಿ, ಹಿಡಿ ದಪ್ಪಗಿರಲಿ. ಪೇಸ್ಟ್ ಹಾಕುವುದಾದರೆ ಎನಾಮಲ್ಲಿಗೆ ಬಲ ಕೊಡುವ ಫ್ಲೋರೈಡ್ ಇರುವುದನ್ನು ಹಾಕಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಸಾಕು ಅಂತ ಮೇಲೆ ಬರೆಯಿರಿ. ನಿಮ್ಮ ಪೆಟ್ಟಿಗೆಯ ಚಿತ್ರದಲ್ಲಿ ಬ್ರಷ್ ಉದ್ದಕ್ಕೂ ಪೇಸ್ಟ್ ಸುರುಳಿ ಸುತ್ತಿರುತ್ತದೆ. ಅದನ್ನು ನೋಡಿ ಮನೆಯಲ್ಲೂ ಹಾಗೇ ಹಾಕುತ್ತಾರೆ. ಇನ್ನು ಬ್ರಷ್ ಮತ್ತು ಲಾಲಿಪಾಪ್ ಒಂದೇ ಪ್ಯಾಕಿನಲ್ಲಿ ಹಾಕಿ "ಹಲ್ಲಿನ ಕಾಳಜಿ ಕಿಟ್" ಅಂತ ಹೆಸರಿಟ್ಟ ಮಹಾನುಭಾವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಒಂದು ಐಡಿಯಾ ಪುಕ್ಕಟೆಯಾಗಿ ಕೊಡುತ್ತೇನೆ, ಬೇಕಾದರೆ ತಗೊಳ್ಳಿ. ದೊಡ್ಡ ಮಕ್ಕಳಿಗೆ ಒಂದು ಪ್ರಯೋಗದ ಪೆಟ್ಟಿಗೆ ಮಾಡಿ. ಮೊಟ್ಟೆಯ ಒಂದು ಬದಿಗೆ ಫ್ಲೋರೈಡ್ ಪೇಸ್ಟ್ ಬಳಿದು ಸ್ವಲ್ಪ ಹೊತ್ತು ಬಿಟ್ಟು ತೊಳೆದು, ವಿನೆಗರಿನಲ್ಲಿ ಮುಳುಗಿಸುವುದು. ಚಿಪ್ಪಿನ ಮೇಲೆ ಗುಳ್ಳೆ ಏಳುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮೊಟ್ಟೆ ಚಿಪ್ಪು ಮತ್ತು ಹಲ್ಲು ಒಂದೇ ವಸ್ತುವಲ್ಲ, ಆದರೆ ಆಮ್ಲ ಗಟ್ಟಿ ವಸ್ತುವನ್ನು ಹೇಗೆ ತಿನ್ನುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಜೊತೆಗೆ, ಹಲ್ಲಿನ ಮೇಲೆ ಉಳಿದ ಕೊಳೆಗೆ ಗುಲಾಬಿ ಬಣ್ಣ ಹಿಡಿಸುವ ಮಾತ್ರೆ ಸಿಗುತ್ತವೆ. ನಾವು ಆಸ್ಪತ್ರೆಯಲ್ಲಿ ಕೊಟ್ಟಾಗ ಮಕ್ಕಳು ಕನ್ನಡಿ ಬಿಟ್ಟು ಏಳುವುದಿಲ್ಲ. ಅಣ್ಣನ ಹಲ್ಲು ಜಾಸ್ತಿ ಗುಲಾಬಿಯೋ ತಂಗಿಯದ್ದೋ ಅಂತ ಪೈಪೋಟಿ ಬೇರೆ.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ಆಟಿಕೆ ಮತ್ತು ಮಿಠಾಯಿ ಬೇರೆ ಬೇರೆ ಮಾಡಿ. ಇದೊಂದು ಮಾಡಿದರೂ ಈ ಪತ್ರ ಬರೆದದ್ದು ಸಾರ್ಥಕ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾರ್ಖಾನೆ ಬೇಡ. ಅಂಟಿನ ಬದಲು ಒಂದು ಮುಚ್ಚಳ ಸಾಕು, ಹೊಲಿಗೆಯ ಬದಲು ಒಂದು ಗಂಟು ಸಾಕು.

ಒಳಗೆ ಮಿಠಾಯಿ ಇದ್ದರೆ ಪೆಟ್ಟಿಗೆಯ ಮುಂಭಾಗದಲ್ಲೇ, ಕನ್ನಡಕವಿಲ್ಲದೆ ಓದುವ ಅಕ್ಷರದಲ್ಲಿ ಎಷ್ಟು ಗ್ರಾಂ ಸಕ್ಕರೆ ಇದೆ ಅಂತ ಹಾಕಿ. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿದ ಪ್ರಕಾರ 2ರಿಂದ 18 ವರ್ಷದವರಿಗೆ ದಿನಕ್ಕೆ ಮೇಲಿನಿಂದ ಸೇರಿಸಿದ ಸಕ್ಕರೆ 25 ಗ್ರಾಂ ದಾಟಬಾರದು, ಎರಡು ವರ್ಷದೊಳಗಿನವರಿಗೆ ಬೇಡವೇ ಬೇಡ. ಕೊಳ್ಳುವವರು ಆ ಅಳತೆ ಇಟ್ಟುಕೊಂಡು ನೋಡಲಿ. "ಒಂದು ಸರ್ವಿಂಗ್‌ಗೆ ಇಷ್ಟು" ಅನ್ನುವ ಆಟ ಬೇಡ. ಅರ್ಧ ಲಾಲಿಪಾಪ್ ತಿಂದು ಅರ್ಧ ನಾಳೆಗೆ ಎತ್ತಿಡುವ ಮಗುವನ್ನು ನಾನಂತೂ ನೋಡಿಲ್ಲ. ಹುಳಿ ಮಿಠಾಯಿಗೂ ಅಷ್ಟೆ, ಸಕ್ಕರೆ ಇಲ್ಲ ಅಂತ ಬರೆದಷ್ಟೇ ದೊಡ್ಡದಾಗಿ ಆಮ್ಲ ಇದೆ ಅಂತಲೂ ಬರೆಯಿರಿ.

ಚಿಕ್ಕ ಮಕ್ಕಳ ಪ್ಯಾಕಿನಿಂದ ಮಿಠಾಯಿಯನ್ನು ಪೂರ್ತಿ ತೆಗೆಯಿರಿ. ಹಲ್ಲಿನ ಮಾತು ಆಮೇಲೆ. ಗುಂಡಗಿನ ಗಟ್ಟಿ ಮಿಠಾಯಿ ಗಂಟಲಿಗೆ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಿಮಗೆ ಸಿಹಿ ಇಟ್ಟೇ ಮಾರಬೇಕು ಅಂದರೆ ಅದಕ್ಕೂ ದಾರಿ ಇದೆ. ಸ್ವಿಟ್ಜರ್ಲೆಂಡಿನಲ್ಲಿ 1980ರ ದಶಕದಲ್ಲಿ ಶುರುವಾದ ಒಂದು ಗುರುತು ಇದೆ, ಕೊಡೆ ಹಿಡಿದು ನಗುವ ಹಲ್ಲಿನ ಚಿತ್ರ. ಅದನ್ನು ಪಡೆಯಬೇಕಾದರೆ ಆ ಮಿಠಾಯಿ ತಿನ್ನುವಾಗ ಮತ್ತು ತಿಂದ ಮೇಲೆ ಅರ್ಧ ಗಂಟೆಯವರೆಗೆ ಹಲ್ಲಿನ ಮೇಲಿನ ಪದರದ ಪಿ.ಎಚ್. 5.7ಕ್ಕಿಂತ ಕೆಳಗೆ ಇಳಿಯಬಾರದು. ಬಾಯಿಯೊಳಗೇ ಅಳೆದು ನೋಡುತ್ತಾರೆ. ಜೊತೆಗೆ ಅದರಲ್ಲಿರುವ ಹುಳಿ ಎನಾಮಲ್ ಸವೆಸುವ ಹಾಗಿರಬಾರದು. ಅಂಥ ಮಿಠಾಯಿಗೆ ಸಾಮಾನ್ಯವಾಗಿ ಸಕ್ಕರೆಯ ಬದಲು ಕ್ಸೈಲಿಟಾಲ್ ತರಹದ ಸಿಹಿ ವಸ್ತು ಹಾಕುತ್ತಾರೆ, ಬಾಯಿಯ ಬ್ಯಾಕ್ಟೀರಿಯಾ ಅದರಿಂದ ಆಮ್ಲ ಮಾಡಲಾರವು. ಇದನ್ನೂ ಮುಕ್ಕಬಾರದು, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಮತ್ತೆ ಕ್ಸೈಲಿಟಾಲ್ ನಾಯಿಗಳಿಗೆ ವಿಷ. ಮನೆಯಲ್ಲಿ ನಾಯಿ ಇದ್ದವರಿಗೆ ಗೊತ್ತಾಗುವ ಹಾಗೆ ಅದನ್ನೂ ಬರೆಯಬೇಕು.

ಅಂಗಡಿಯವರಲ್ಲಿ ನನ್ನ ವಿನಂತಿ ಚಿಕ್ಕದು. ಬಿಲ್ ಹಾಕುವ ಕೌಂಟರಿನ ಪಕ್ಕ, ಮಗುವಿನ ಕಣ್ಣಿನ ಎತ್ತರಕ್ಕೆ ಮಿಠಾಯಿ ಆಟಿಕೆ ನೇತುಹಾಕುತ್ತೀರಿ. ಸಾಲಿನಲ್ಲಿ ಸಿಕ್ಕಿಬಿದ್ದ ಅಪ್ಪ ಅಮ್ಮ ನಾಲ್ಕು ಜನರ ಮುಂದೆ ಅಳುವ ಮಗುವಿಗೆ ಇಲ್ಲ ಅನ್ನಲಾರರು ಅನ್ನುವ ಲೆಕ್ಕ ನಿಮ್ಮದು. ಹಬ್ಬದ ವಾರದಲ್ಲಾದರೂ ಆ ಜಾಗವನ್ನು ಬೇರೆ ಸಾಮಾನಿಗೆ ಕೊಡಿ. ಉಡುಗೊರೆ ಹುಡುಕಿಕೊಂಡು ಬಂದವರಿಗೆ "ಇದರಲ್ಲಿ ಸಿಹಿ ಇಲ್ಲ" ಅಂತ ಬೋರ್ಡ್ ಹಾಕಿದ ಒಂದು ಶೆಲ್ಫ್ ಇರಲಿ. ಆ ಅಜ್ಜನಂಥವರು ನೇರ ಅಲ್ಲಿಗೇ ಹೋಗುತ್ತಾರೆ.

ನಿಮ್ಮಲ್ಲಿ ಯಾರಾದರೂ ಮುಂದಿನ ರಜೆಗೆ ಇಂಥ ಒಂದು ಪ್ಯಾಕಿನ ಮಾದರಿ ಮಾಡಿದರೆ ಊರಿನ ಯಾವುದಾದರೂ ಮಕ್ಕಳ ಹಲ್ಲಿನ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಡಾಕ್ಟರಿಗೆ ತೋರಿಸಿ, ಆಮೇಲೆ ಕಾಯುವ ಕೋಣೆಯಲ್ಲಿ ನಿಮ್ಮ ಈಗಿನ ಪ್ಯಾಕು, ಹೊಸ ಪ್ಯಾಕು ಎರಡನ್ನೂ ಬಿಚ್ಚಿಡಿ. ಮಿಠಾಯಿ ಇಲ್ಲದಿದ್ದರೆ ಮಕ್ಕಳು ತಿರುಗಿಯೂ ನೋಡುವುದಿಲ್ಲ ಅನ್ನುವ ನಿಮ್ಮ ಅನುಮಾನವನ್ನು ಆ ಮಕ್ಕಳೇ ಬಗೆಹರಿಸಲಿ.

ಇಂತಿ ನಿಮ್ಮ ವಿಶ್ವಾಸಿ,
ಮಕ್ಕಳ ಹಲ್ಲಿನ ಆಸ್ಪತ್ರೆಯೊಂದರ ಸಹಾಯಕಿ